ಹೊಗೆಯಾಡದ ಬೆಂಕಿ

ಇನ್ನೊಬ್ಬರ ಸಾಮರ್ಥ್ಯ ಕಣ್ಣಿಗೆ ಕಾಣುವಂಥದಲ್ಲ. ಕಾಣುವುದು ಅವರು ಮಾಡಿದ ಕೆಲಸ. ಸಾಮರ್ಥ್ಯವನ್ನು ಅದರಿಂದ ಊಹಿಸಬೇಕು. ಗೂಗಲ್ ಕಂಪನಿ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ನಡೆಸುವ ಸಂದರ್ಶನ ಹೀಗಾಗಿ ಪ್ರಮಾಣಶಾಸ್ತ್ರದ ಪ್ರಶ್ನೆಯೂ ಹೌದು: ಮುಕ್ಕಾಲು ಗಂಟೆಯಲ್ಲಿ ಒಬ್ಬ ಮನುಷ್ಯನ ಬಗ್ಗೆ ಎಷ್ಟನ್ನು ತಿಳಿಯಬಹುದು?

ಮೊದಲು ಫೋನ್ ಅಥವಾ ವಿಡಿಯೊ ಸುತ್ತು. ಅದನ್ನು ದಾಟಿದವರಿಗೆ ತಲಾ 45 ನಿಮಿಷದ ನಾಲ್ಕೈದು ಸುತ್ತುಗಳು. ಅರೇ, ಟ್ರೀ, ಗ್ರಾಫ್‌ಗಳಂಥ ದತ್ತಾಂಶ ರಚನೆಗಳ ಸಮಸ್ಯೆಗೆ ಅಭ್ಯರ್ಥಿಗಳು ಕೋಡ್ ಬರೆಯುತ್ತಾರೆ. ಬರೆಯುತ್ತಲೇ ತಮ್ಮ ಯೋಚನೆಯನ್ನು ಬಿಡಿಸಿ ಹೇಳಬೇಕು. ಅನುಭವಸ್ಥರಿಗೆ ಸಿಸ್ಟಮ್ ಡಿಸೈನ್ ಸುತ್ತೂ ಇರುತ್ತದೆ. ಸಂದರ್ಶಕರು ತಾವೇ ತೀರ್ಮಾನಿಸುವುದಿಲ್ಲ. ಅವರು ಬರೆದುಕೊಟ್ಟ ವರದಿಯನ್ನು ಓದಿ, ಅಭ್ಯರ್ಥಿಯ ಮುಖವನ್ನೇ ನೋಡದ ಹೈರಿಂಗ್ ಕಮಿಟಿಯೊಂದು ಅಭಿಪ್ರಾಯ ಕೊಡುತ್ತದೆ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಮಾತಿನಲ್ಲಿ, ಸಂದರ್ಶಕರದು ಪ್ರತ್ಯಕ್ಷ, ಅಂದರೆ ನೇರ ಕಂಡದ್ದು, ಮತ್ತು ಅನುಮಾನ, ಅಂದರೆ ಕಂಡದ್ದರಿಂದ ಊಹಿಸಿದ್ದು. ಕಮಿಟಿಗೆ ಶಬ್ದವೇ, ಅಂದರೆ ಬಲ್ಲವರ ಮಾತೇ, ಆಧಾರ. ಕಂಡವರ ಇಷ್ಟಾನಿಷ್ಟಗಳಿಂದ ತೀರ್ಮಾನವನ್ನು ದೂರವಿಡುವ ಈ ಏರ್ಪಾಡು ನಿಜಕ್ಕೂ ಒಳ್ಳೆಯದು.

ಹಿಂದೊಮ್ಮೆ ಒಗಟಿನಂಥ ಪ್ರಶ್ನೆಗಳನ್ನೂ ಕೇಳುತ್ತಿದ್ದರು. ಅವು ಕಾಲಹರಣವೆಂದು ಕಂಪನಿಯ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಒಗಟು ಬಿಡಿಸುವುದಕ್ಕೂ ಕೆಲಸದಲ್ಲಿ ಗೆಲ್ಲುವುದಕ್ಕೂ ತಾರ್ಕಿಕರು ವ್ಯಾಪ್ತಿ ಎನ್ನುವ ತಪ್ಪದ ನಂಟೇ ಇರಲಿಲ್ಲ.

ಕೋಡಿಂಗ್ ಪ್ರಶ್ನೆಗೆ ವ್ಯಾಪ್ತಿ ಇದೆಯೆನ್ನೋಣ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಸಮಸ್ಯೆ ಬಿಡಿಸಿದವರಲ್ಲಿ ಸಾಮರ್ಥ್ಯವಿದೆ. ಇಲ್ಲೂ ಒಂದು ಎಚ್ಚರಿಕೆ ಬೇಕು. ಬಾಯಿಪಾಠ ಮಾಡಿದ ಉತ್ತರ, ದೂರದಿಂದ ಹೊಗೆಯಂತೆ ಕಾಣುವ ಮಂಜು. ಸಂದರ್ಶಕರು ಸಮಸ್ಯೆಯನ್ನು ನಡುವೆ ತುಸು ಬದಲಿಸಿ ಕೇಳುವುದು ಮಂಜನ್ನು ಗುರುತಿಸಲಿಕ್ಕೇ.

ನಿಜವಾದ ತೊಡಕು ಇರುವುದು ತಿರಸ್ಕಾರದಲ್ಲಿ. ಹೊಗೆಯಿಲ್ಲ, ಆದ್ದರಿಂದ ಬೆಂಕಿಯಿಲ್ಲ ಎನ್ನಬೇಕಾದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕು. ಹಾಗಿಲ್ಲವೆಂದು ತರ್ಕದ ಪಠ್ಯವಾದ ಅನ್ನಂಭಟ್ಟನ ತರ್ಕಸಂಗ್ರಹ ಓದುವ ವಿದ್ಯಾರ್ಥಿಯೂ ಬಲ್ಲ: ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಲು ಬೆಂಕಿಯ ಜೊತೆ ಹಸಿ ಸೌದೆಯೂ ಬೇಕು. ತಾರ್ಕಿಕರು ಇಂಥ ಹೆಚ್ಚುವರಿ ಷರತ್ತನ್ನು ಉಪಾಧಿ ಎಂದರು. ಸಂದರ್ಶನದ ಹಸಿ ಸೌದೆಯೆಂದರೆ ತಿಂಗಳುಗಟ್ಟಲೆ ಅಭ್ಯಾಸ, ಅದಕ್ಕೆ ಬೇಕಾದ ಬಿಡುವು, ಅಪರಿಚಿತರೆದುರು ಇಂಗ್ಲಿಷಿನಲ್ಲಿ ಯೋಚಿಸುತ್ತ ಮಾತಾಡುವ ರೂಢಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಂಜಿನಿಯರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಹೋಮ್‌ಬ್ರೂ ತಂತ್ರಾಂಶದ ಕರ್ತೃ ಮ್ಯಾಕ್ಸ್ ಹೋವೆಲ್, ಗೂಗಲ್‌ನ ಬಹುಪಾಲು ಎಂಜಿನಿಯರುಗಳು ತನ್ನ ತಂತ್ರಾಂಶ ಬಳಸಿದರೂ ಬೋರ್ಡಿನ ಮೇಲೆ ಬೈನರಿ ಟ್ರೀಯೊಂದನ್ನು ತಿರುಗಿಸಲಾಗದ್ದಕ್ಕೆ ತನ್ನನ್ನು ಕೈಬಿಟ್ಟರೆಂದು 2015ರಲ್ಲಿ ಬರೆದುಕೊಂಡರು.

ಕಂಪನಿಗಳಿಗೂ ಇದು ಗೊತ್ತು. ತಪ್ಪು ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕಿಂತ ಯೋಗ್ಯರೊಬ್ಬರನ್ನು ಕಳೆದುಕೊಳ್ಳುವುದೇ ಮೇಲೆಂದು ಅವು ತಿಳಿದೇ ಆರಿಸಿಕೊಂಡಿವೆ. ವ್ಯವಹಾರಕ್ಕೆ ಅದು ಸಲ್ಲಬಹುದು, ಆದರೆ ಅದರಿಂದ ಹುಟ್ಟಿದ ನಿರಾಕರಣೆ ಜ್ಞಾನವಾಗುವುದಿಲ್ಲ. ಅದನ್ನು ತನ್ನ ಯೋಗ್ಯತೆಯ ನಿರ್ಣಯವೆಂದು ಮನಸ್ಸಿಗೆ ಹಚ್ಚಿಕೊಳ್ಳುವ ಅಭ್ಯರ್ಥಿ, ಕಂಪನಿಯೇ ಮಾಡದ ಅನುಮಾನವನ್ನು ತಾನು ಮಾಡಿಕೊಳ್ಳುತ್ತಾನೆ. ಒಮ್ಮೆ ಬೇಡವೆನಿಸಿಕೊಂಡವರು ಕೆಲಕಾಲದ ನಂತರ ಮತ್ತೆ ಅರ್ಜಿ ಹಾಕಬಹುದು. ಎರಡನೆಯ, ಮೂರನೆಯ ಸಲಕ್ಕೆ ಒಳಗೆ ಹೋದವರು ಅಲ್ಲಿ ಈಗಲೂ ಕೆಲಸ ಮಾಡುತ್ತಿದ್ದಾರೆ.