ಏರುದಾರಿಯ ಓಟ

ಮೂಲಪಾಠ: ಗಲಾತ್ಯದವರಿಗೆ ಬರೆದ ಪತ್ರಿಕೆ, 6ನೆಯ ಅಧ್ಯಾಯ, 2ನೆಯ ಮತ್ತು 5ನೆಯ ವಚನಗಳು.



ಈ ಎರಡು ವಚನಗಳನ್ನು ಒಟ್ಟಾಗಿ ಓದುವವನಿಗೆ ಮೊದಲು ಗಲಿಬಿಲಿ ಉಂಟಾಗುವದು. ಮೊದಲನೆಯದರಲ್ಲಿ ಅಪೊಸ್ತಲನಾದ ಪೌಲನು ನಾವು ಪರಸ್ಪರ ಹೆಗಲು ಕೊಟ್ಟು ಭಾರ ಹೊರಬೇಕೆಂದು ಅಪ್ಪಣೆ ಕೊಡುತ್ತಾನೆ. ಅಲ್ಲಿಂದ ಮೂರು ವಚನ ದಾಟುವಷ್ಟರೊಳಗೆ, ತನ್ನ ಪಾಲಿನ ಹೊರೆಯು ಯಾವನಿಗೂ ತಪ್ಪದೆಂದು ಹೇಳುತ್ತಾನೆ. ಕೆಂಭಾವಿಯ ಒಂದು ಮನೆಯಲ್ಲಿ ಕೂಡಿದ ಪ್ರಾರ್ಥನಾ ಕೂಟದಲ್ಲಿ ಒಬ್ಬ ಹುಡುಗನು, "ಅಯ್ಯನವರೇ, ಈ ಎರಡರಲ್ಲಿ ಯಾವದು ನಿಜ?" ಎಂದು ನಮ್ಮನ್ನು ಕೇಳಿದನು. ಆ ಹೊತ್ತಿಗೆ ಸರಿಯಾದ ಉತ್ತರವು ನಮ್ಮ ಬಾಯಿಗೆ ಬರಲಿಲ್ಲ. ಆ ಹುಡುಗನಿಗೆ ಸೈಕಲ್ಲಿನ ಪಂದ್ಯಗಳ ಮೇಲೆ ಬಹಳ ಆಶೆ. ಆದದರಿಂದ ಅವನು ಬಲ್ಲ ಮಾತಿನಿಂದಲೇ ಈಗ ಅವನಿಗೂ ನಿಮಗೂ ಉತ್ತರ ಹೇಳುತ್ತೇವೆ.

ನಮ್ಮ ಕೆಂಭಾವಿಯ ಸೀಮೆಯು ಎರೆಭೂಮಿಯದು. ಹತ್ತಿ ತೊಗರಿಗಳ ಹೊಲಗಳ ನಡುವೆಯೂ ನಾರಾಯಣಪುರದ ಕಾಲುವೆಯ ನೀರುಂಡ ಬತ್ತದ ಗದ್ದೆಗಳ ನಡುವೆಯೂ ದಾರಿಯು ಬಹುಮಟ್ಟಿಗೆ ಸಮನಾಗಿ ಹೋಗುತ್ತದೆ. ಇಂಥ ದಾರಿಯಲ್ಲಿ ಇಬ್ಬರು ಸೈಕಲ್ಲು ತುಳಿಯುತ್ತಾ ಹೋದರೆ ಮುಂದಿನವನು ಎದುರುಗಾಳಿಯನ್ನು ಸೀಳುತ್ತಾನೆ. ಹಿಂದಿನವನು ಅವನ ಚಕ್ರಕ್ಕೆ ಹತ್ತಿಕೊಂಡು ಹೋಗುತ್ತಾ, ವೇಗವಾದ ಓಟದಲ್ಲಿ ತನ್ನ ಶ್ರಮದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳುತ್ತಾನೆ. ಸೈಕಲ್ ಸವಾರರಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಸೀಮೆಗಳ ಹುಡುಗರು ಈ ಗುಟ್ಟನ್ನು ಚೆನ್ನಾಗಿ ಬಲ್ಲರು.

ಆದರೆ ದಾರಿಯು ಮೇಲಕ್ಕೆ ಎದ್ದಾಗ ಏನಾಗುತ್ತದೆ? ಮೈಸೂರಿನಿಂದ ಬಂಡೀಪುರದ ಕಾಡನ್ನು ದಾಟಿ ಮಸಿನಗುಡಿಯ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವವರಿಗೆ ಕಲ್ಹಟ್ಟಿಯ ಘಾಟು ಎದುರಾಗುತ್ತದೆ. ಅಲ್ಲಿ 36 ಬಳುಕು ತಿರುವುಗಳುಂಟು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆಯವರು ಈ ಘಾಟನ್ನು ಗಡಿಯಾರ ಹಿಡಿದು ಪಂದ್ಯವಾಗಿ ಹತ್ತಿದ್ದುಂಟು. ಅಲ್ಲಿ ವೇಗವು ನಡೆಯುವವನ ವೇಗಕ್ಕೆ ಸಮೀಪವಾಗುವದರಿಂದ ಮುಂದಿನವನ ಮರೆಯು ಹಿಂದಿನವನಿಗೆ ಹೆಚ್ಚು ಉಪಯೋಗವಾಗುವದಿಲ್ಲ. ಗಾಳಿಯ ಲೆಕ್ಕವು ಮುಗಿದು ಭಾರದ ಲೆಕ್ಕವು ಶುರುವಾಗುತ್ತದೆ. ಪ್ರತಿಯೊಬ್ಬನು ತನ್ನ ಮೈಯ ತೂಕವನ್ನೂ ತನ್ನ ಸೈಕಲ್ಲಿನ ತೂಕವನ್ನೂ ತಾನೇ ಮೇಲಕ್ಕೆ ಎತ್ತಬೇಕು.

ಪ್ರಿಯರೇ, 5ನೆಯ ವಚನದ ಅರ್ಥವು ಇದೇ. ಸಮದಾರಿಯ ದಿನಗಳಲ್ಲಿ ನಾವು ತಂದೆತಾಯಿಗಳ ವಿಶ್ವಾಸದ ಮರೆಯಲ್ಲಿ ಸುಖವಾಗಿ ಸಾಗಬಹುದು. ಅಜ್ಜನು ದೀಕ್ಷಾಸ್ನಾನ ಹೊಂದಿದನು, ತಾಯಿ ಪ್ರಾರ್ಥಿಸುವವಳು, ಉಪದೇಶಿಯು ಬಂದು ಪಾಠ ಓದುವನು. ನಾವು ಹಿಂದೆ ಹಿಂದೆ ಹೋದರೆ ಸಾಕಾಗುತ್ತದೆ. ಆದರೆ ಮಳೆ ತಪ್ಪಿ ಸಾಲವು ಮೇಲೇರಿದಾಗ, ದುಡಿಮೆಗಾಗಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ ತಗಡಿನ ಗುಡಿಸಲಿನಲ್ಲಿ ಒಬ್ಬನೇ ಮಲಗಿದಾಗ, ಮಗುವನ್ನು ಮಣ್ಣಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದಾಗ, ಅಜ್ಜನ ವಿಶ್ವಾಸವು ನಮ್ಮ ಕಾಲಿಗೆ ಬಲ ಕೊಡಲಾರದು. ಅಲ್ಲಿ ನಮ್ಮ ಬಾಯಿಂದಲೇ ದೇವರನ್ನು ಕರೆಯಬೇಕು.

ಹಾಗಾದರೆ ಬಲ್ಲವರು ಏರನ್ನು ಹೇಗೆ ಹತ್ತುತ್ತಾರೆ? ಬುಡದಲ್ಲಿಯೇ ಆತುರಪಡುವದಿಲ್ಲ, ಹಗುರವಾದ ಗೇರಿನಲ್ಲಿ ಒಂದೇ ಸಮನಾಗಿ ತುಳಿಯುತ್ತಾರೆ. ಬೇಡದ ತೂಕವನ್ನು ಕೆಳಗೇ ಬಿಟ್ಟು ಬರುತ್ತಾರೆ. ತುದಿಯನ್ನು ನೋಡಿ ಎದೆಗುಂದದೆ ಮುಂದಿನ ತಿರುವನ್ನು ಮಾತ್ರ ನೋಡುತ್ತಾರೆ. ಕಾಲು ಸೋತರೂ ದಾರಿಯನ್ನು ಬಿಡುವದಿಲ್ಲ. ಫ್ರಾನ್ಸ್ ದೇಶದ ಟೂರ್ ಡಿ ಫ್ರಾನ್ಸ್ ಎಂಬ ಮಹಾ ಪಂದ್ಯವು 1910ರಲ್ಲಿ ಮೊದಲ ಸಾರಿ ಪಿರನೀಸ್ ಪರ್ವತಗಳ ಎತ್ತರವಾದ ಕಣಿವೆದಾರಿಗಳನ್ನು ದಾಟಿತು. ಗೇರು ಬದಲಿಸುವ ಸಾಧನವನ್ನು ಆ ಪಂದ್ಯದಲ್ಲಿ 1937ರ ವರೆಗೆ ಒಪ್ಪಿರಲಿಲ್ಲ. ಒಕ್ಟಾವ್ ಲಪೀಜ್ ಎಂಬವನು ಕಡಿದಾದ ಕಡೆಗಳಲ್ಲಿ ಕೆಳಗಿಳಿದು ಸೈಕಲ್ಲನ್ನು ಕೈಯಿಂದ ತಳ್ಳುತ್ತಾ ನಡೆದನು. ಆ ವರುಷದ ಪಂದ್ಯವನ್ನು ಗೆದ್ದವನು ಅವನೇ. ಕುಳಿತು ತುಳಿಯಲಾರದ ದಿನ ಇಳಿದು ತಳ್ಳುವದು ನಾಚಿಕೆಯಲ್ಲ. ದೀರ್ಘ ಪ್ರಾರ್ಥನೆ ಮಾಡಲಾರದ ರಾತ್ರಿಯಲ್ಲಿ "ಕರ್ತನೇ" ಎಂಬ ಒಂದು ಮಾತನ್ನು ನಿಟ್ಟುಸಿರಿನೊಡನೆ ಆಡಿದರೂ ನಾವು ದಾರಿಯಲ್ಲಿಯೇ ಇದ್ದೇವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾವು ಚಿಕ್ಕವರಾಗಿದ್ದಾಗ ತಾಸಿನ ಲೆಕ್ಕಕ್ಕೆ ಸೈಕಲ್ಲು ಬಾಡಿಗೆ ಹಿಡಿದು ಸುರಪುರದ ಗುಡ್ಡಗಳ ಕಡೆಗೆ ಹೋಗಿ, ಯಾರು ಮೊದಲು ಏರು ಹತ್ತುವರೆಂದು ಪಂದ್ಯ ಕಟ್ಟಿದೆವು. ನಡುದಾರಿಯಲ್ಲಿ ಉಸಿರು ಕಟ್ಟಿದಾಗ ಮೆಲ್ಲಗೆ ಏರುತ್ತಿದ್ದ ಒಂದು ಲಾರಿಯ ಹಿಂದಿನ ಸರಪಳಿಯನ್ನು ಹಿಡಿದೆವು. ಗೆಳೆಯರೆಲ್ಲರನ್ನೂ ಹಿಂದೆ ಹಾಕಿ ನಗುತ್ತಾ ಹೋದೆವು. ಲಾರಿಯು ಒಮ್ಮೆಲೇ ಜಗ್ಗಿತು. ನಾವು ಜಲ್ಲಿಯ ಮೇಲೆ ಬಿದ್ದೆವು. ಮೊಣಕಾಲಿನ ಆ ಕಲೆಯು ಇಂದಿಗೂ ಇದೆ. ನ್ಯಾಯವಾಗಿ ಓಡದವನಿಗೆ ಜಯಮಾಲೆಯಿಲ್ಲವೆಂದು ಪೌಲನು ತಿಮೊಥೆಯನಿಗೆ ತಿಳಿಸಿದ್ದನ್ನು ನಾವು ಪುಸ್ತಕದಲ್ಲಿ ಕಲಿಯುವದಕ್ಕೆ ಮೊದಲೇ ಮೊಣಕಾಲಿನಲ್ಲಿ ಕಲಿತೆವು. ಅಮೇರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಎಂಬವನು 1999ರಿಂದ 2005ರ ವರೆಗೆ ಏಳು ಸಾರಿ ಆ ಮಹಾ ಪಂದ್ಯವನ್ನು ಗೆದ್ದನೆಂದು ಲೋಕವೆಲ್ಲ ಕೊಂಡಾಡಿತು. ಅವನು ನಿಷೇಧಿಸಿದ ಔಷಧಗಳ ಬಲದಿಂದ ಓಡಿದನೆಂಬದು ಬೈಲಾಗಿ, 2012ರಲ್ಲಿ ಆ ಏಳು ಜಯಗಳನ್ನೂ ಅವನಿಂದ ತೆಗೆದುಬಿಟ್ಟರು. ಸುಳ್ಳು ಕಾಗದ, ಲಂಚ, ತೂಕದಲ್ಲಿ ಮೋಸ, ಇವೆಲ್ಲ ಲಾರಿಯ ಸರಪಳಿಗಳೇ. ಸ್ವಲ್ಪ ದೂರ ಬೇಗ ಒಯ್ಯುತ್ತವೆ, ಬೀಳಿಸದೆ ಬಿಡುವದಿಲ್ಲ.

ಇನ್ನು 2ನೆಯ ವಚನಕ್ಕೆ ಬರೋಣ. ಪರ್ವತದ ಪಂದ್ಯದಲ್ಲಿ ಮುಂದೆ ಓಡುವ ನಾಲ್ಕೈದು ಮಂದಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಎಲ್ಲರಿಗಿಂತ ಹಿಂದೆ ಒಂದು ದೊಡ್ಡ ಗುಂಪು ಬರುತ್ತಿರುತ್ತದೆ. ಇವರು ಏರು ಹತ್ತುವದರಲ್ಲಿ ನಿಪುಣರಲ್ಲ. ಕೆಲವರು ಮೈಭಾರದವರು, ಕೆಲವರು ಬಿದ್ದು ಗಾಯಗೊಂಡವರು, ಕೆಲವರು ತಮ್ಮ ಮುಖಂಡನಿಗೆ ನೀರು ಹೊತ್ತು ದಣಿದವರು. ಗೆದ್ದವನು ಮುಟ್ಟಿದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಮುಟ್ಟದವನನ್ನು ಪಂದ್ಯದಿಂದ ತೆಗೆದುಹಾಕುವ ನಿಯಮವುಂಟು. ಆದದರಿಂದ ಇವರು ಪಂಗಡಗಳ ಭೇದವನ್ನು ಬಿಟ್ಟು ಒಟ್ಟುಗೂಡುತ್ತಾರೆ. ವೇಳೆಯ ಲೆಕ್ಕವನ್ನು ಬಲ್ಲ ಹಳಬನು ಎಲ್ಲರಿಗೂ ಹೊಂದುವ ನಡೆಯನ್ನು ಹಿಡಿಯುತ್ತಾನೆ. ಏರಿನಲ್ಲಿ ಧೈರ್ಯ ಹೇಳುತ್ತಾರೆ, ಕಣಿವೆಯಲ್ಲಿ ಸರದಿಯ ಮೇಲೆ ಗಾಳಿಯನ್ನು ಸೀಳುತ್ತಾರೆ. ತನ್ನ ತೂಕವನ್ನು ಪ್ರತಿಯೊಬ್ಬನು ತಾನೇ ಎತ್ತುತ್ತಾನೆ; ಆದರೂ ಒಬ್ಬಂಟಿಯಾಗಿದ್ದರೆ ಅವರಲ್ಲಿ ಅನೇಕರು ಮುಟ್ಟುತ್ತಿರಲಿಲ್ಲ. ನೋಡಿರಿ, ಎರಡು ವಚನಗಳೂ ಒಂದೇ ದಾರಿಯ ಮೇಲೆ ನಿಜವಾದವು.

ಇದನ್ನು ಬರೆಯುವಾಗ ನಮ್ಮ ಮನಸ್ಸು ನಮ್ಮನ್ನೇ ಖಂಡಿಸುತ್ತದೆ. ನಮ್ಮ ಸಭೆಯಲ್ಲಿ ಒಬ್ಬ ಸಹೋದರನಿದ್ದನು. ಬೆಳೆ ಕೈಕೊಟ್ಟ ವರುಷ ಅವನು ಸಾಲಕ್ಕೆ ಸಿಕ್ಕಿದನು, ಆ ಮೇಲೆ ಕುಡಿತಕ್ಕೆ ಸಿಕ್ಕಿದನು. ಒಂದು ಆದಿತ್ಯವಾರ ಬರಲಿಲ್ಲ, ಎರಡು ಆದಿತ್ಯವಾರ ಬರಲಿಲ್ಲ. "ಅವನವನ ಹೊರೆ ಅವನವನಿಗೆ" ಎಂದು ನಾವು 5ನೆಯ ವಚನವನ್ನು ನೆವ ಮಾಡಿಕೊಂಡು ಮುಂದೆ ನಡೆದೆವು. ನಾವು ಅವನ ಮನೆಯ ಬಾಗಲಿಗೆ ಹೋದ ದಿನ ಬೀಗವಿತ್ತು. ಕುಟುಂಬಸಮೇತ ಊರು ಬಿಟ್ಟಿದ್ದನು. ಎಲ್ಲಿದ್ದಾನೆಂದು ಇಂದಿನ ವರೆಗೂ ತಿಳಿಯದು. ನಾವು ಸ್ವಲ್ಪ ಮೆಲ್ಲಗೆ ತುಳಿದಿದ್ದರೆ ಅವನು ನಮ್ಮ ಸಂಗಡ ಇರುತ್ತಿದ್ದನೋ ಏನೋ, ದೇವರೇ ಬಲ್ಲನು. ಈ ಪತ್ರಿಕೆಯು ಅವನ ಕೈಗೆ ಬಂದರೆ, ಸಹೋದರನೇ, ನಮ್ಮನ್ನು ಕ್ಷಮಿಸು. ಚಾಪೆಯ ಮೇಲೆ ನಿನ್ನ ಸ್ಥಳವು ಹಾಗೆಯೇ ಇದೆ.

ಇಟಲಿ ದೇಶದ ಜೀನೋ ಬಾರ್ಟಲಿ ಎಂಬವನು ಪರ್ವತ ಹತ್ತುವದರಲ್ಲಿ ಅಸಾಧ್ಯನಾಗಿದ್ದನು. 1938ರಲ್ಲಿಯೂ ಹತ್ತು ವರುಷಗಳ ತರುವಾಯ 1948ರಲ್ಲಿಯೂ ಆ ಮಹಾ ಪಂದ್ಯವನ್ನು ಗೆದ್ದನು. ಈ ಎರಡು ಜಯಗಳ ನಡುವೆ ಯುದ್ಧವು ನಡೆದು ಯೆಹೂದ್ಯರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲದಲ್ಲಿ, ಅವನು ಅಭ್ಯಾಸಕ್ಕೆ ಹೋಗುವವನಂತೆ ಸೈಕಲ್ಲು ತುಳಿಯುತ್ತಾ, ಅವರ ಪ್ರಾಣ ಉಳಿಸುವ ಗುರುತಿನ ಕಾಗದಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿ ಊರಿಂದೂರಿಗೆ ಒಯ್ದನು. ಸಿಕ್ಕಿಬಿದ್ದಿದ್ದರೆ ಅವನ ಪ್ರಾಣಕ್ಕೇ ಅಪಾಯವಿತ್ತು. ಬದುಕಿರುವ ತನಕ ಇದನ್ನು ಹೇಳಿಕೊಂಡು ತಿರುಗಲಿಲ್ಲ. ಅವನು 2000ದಲ್ಲಿ ತೀರಿಹೋದನು. 2013ರಲ್ಲಿ ಯೆರೂಸಲೇಮಿನ ಯಾದ್ ವಾಶೇಮ್ ಸ್ಮಾರಕ ಸಂಸ್ಥೆಯವರು ಅವನನ್ನು ನೀತಿವಂತರ ಪಟ್ಟಿಯಲ್ಲಿ ಸೇರಿಸಿದರು. ಏರು ಹತ್ತುವವನು ಎಲ್ಲಾ ತೂಕವನ್ನು ಕಳಚಬೇಕು ನಿಜ. ಆದರೆ ನೆರೆಯವನ ಪ್ರಾಣದ ಭಾರವು ಕಳಚತಕ್ಕದ್ದಲ್ಲ.

ಈ ಓಟದಿಂದ ನಾವು ರಕ್ಷಣೆಯನ್ನು ಸಂಪಾದಿಸುತ್ತೇವೆಂದು ಯಾರೂ ನೆನಸಬಾರದು. ಅದು ಕೃಪೆಯಿಂದ ದೊರಕಿದ್ದು. ನಮ್ಮ ಕರ್ತನು ಗೊಲ್ಗೊಥಾದ ದಾರಿಯಲ್ಲಿ ತನ್ನ ಶಿಲುಬೆಯನ್ನು ತಾನೇ ಹೊತ್ತು ಹೊರಟನು. ಅದೇ ದಾರಿಯಲ್ಲಿ ಹೊಲದಿಂದ ಬರುತ್ತಿದ್ದ ಕುರೇನ್ಯದ ಸೀಮೋನನ ಹೆಗಲಿನ ಮೇಲೆ ಆ ಶಿಲುಬೆಯನ್ನು ಹೊರಿಸಿದರು. ನಮ್ಮ ಎಲ್ಲರ ಭಾರವನ್ನು ಹೊತ್ತ ಆತನೇ ಒಬ್ಬ ಹಳ್ಳಿಯ ದಾರಿಹೋಕನ ಹೆಗಲನ್ನು ಬೇಡವೆನ್ನಲಿಲ್ಲ. ಹಾಗಿರುವಲ್ಲಿ ಸಹಾಯ ಬೇಡುವದಕ್ಕೆ ನಮಗೆ ನಾಚಿಕೆ ಯಾಕೆ? ಸಹಾಯ ಮಾಡುವದಕ್ಕೆ ಬೇಸರ ಯಾಕೆ?

ಆದದರಿಂದ ಪ್ರಿಯರೇ, ಬರುವ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಚಾಪೆಯನ್ನು ಸುತ್ತುವದಕ್ಕೆ ಮೊದಲು ಒಮ್ಮೆ ಸುತ್ತಲೂ ನೋಡಿರಿ. ಯಾರು ಬಂದಿಲ್ಲ? ಯಾರ ಮಗನು ಗುಳೆ ಹೋಗಿ ಸುದ್ದಿಯಿಲ್ಲದೆ ಇದ್ದಾನೆ? ಆ ಸಾಯಂಕಾಲವೇ ಅವರ ಬಾಗಲಿಗೆ ಹೋಗಿರಿ. ಬೀಗ ಬೀಳುವದಕ್ಕೆ ಮೊದಲು ಹೋಗಿರಿ. ಲೋಕದ ಪಂದ್ಯದಲ್ಲಿ ಬಹುಮಾನವು ಒಬ್ಬನಿಗೆ. ನಮ್ಮ ಓಟದಲ್ಲಾದರೋ ಕಡೆಯಲ್ಲಿ ಕುಂಟುತ್ತಾ ಬಂದವನಿಗೂ ಅದೇ ಬಾಗಲು ತೆರೆದಿರುವದು. ಒಬ್ಬರೂ ದಾರಿಯಲ್ಲಿ ಉಳಿಯದಂತೆ ಕರ್ತನು ನಮ್ಮನ್ನು ಕೂಡಿಸಿ ನಡಿಸಲಿ. ಆಮೆನ್.