ಓಡಿಸದ ಎತ್ತಿನ ಲೆಕ್ಕ

ನಮ್ಮೂರು ಮಾಗಡಿ ಅಂದ್ರೆ ಆಫೀಸಿನಲ್ಲಿ ಎಲ್ಲರೂ "ಓ, ಬೆಂಗಳೂರಿನ ಹತ್ರ ಇರೋದಾ?" ಅಂತಾರೆ. ಅಲ್ಲ ಸ್ವಾಮಿ, ಇದು ಗದಗ ಜಿಲ್ಲೆಯ ಮಾಗಡಿ, ಶಿರಹಟ್ಟಿ-ಲಕ್ಷ್ಮೇಶ್ವರದ ಕಡೆಯದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆಯ ಊರು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು.

ಆ ಕೆರೆ ಕಡೆಗೆ ನಮ್ಮ ಕಾಕಾ ದಿನಾ ನಸುಕಿನಲ್ಲಿ ಒಂದು ಜೋಡಿ ಎತ್ತು ಹೊಡ್ಕೊಂಡು ಹೋಗ್ತಿದ್ರು. ಎತ್ತು ಅವರದಲ್ಲ, ಒಬ್ಬ ಸಾಹುಕಾರರದು. ಜಾತ್ರೆಯ ಗಾಡಿ ಓಟಕ್ಕೆ ಅವನ್ನು ತಯಾರು ಮಾಡೋದು ಕಾಕಾನ ಕೆಲಸ. ಮೂರು ವರ್ಷ ಮೇಲಿಂದ ಮೇಲೆ ಗೆದ್ದರು. ಆದರೆ ಕಟ್ಟೆ ಮೇಲೆ ಕೂತವರು ಹೇಳುತ್ತಿದ್ದದ್ದು ಒಂದೇ ಮಾತು: "ಎತ್ತು ಸಾಹುಕಾರಂದು, ಹಿಂಡಿ ಸಾಹುಕಾರಂದು. ಇವಂದೇನೈತಿ ಅದ್ರಾಗ?"

ಪ್ರಶ್ನೆ ಒರಟಾಗಿತ್ತು, ಆದರೆ ತಪ್ಪಾಗಿರಲಿಲ್ಲ. ದುಡ್ಡಿದ್ದವರ ಪ್ರಾಣಿ ಗೆದ್ದಾಗ ಅದನ್ನು ಪಳಗಿಸಿದವನಿಗೆ ಎಷ್ಟು ಪಾಲು ಕೊಡಬೇಕು?

2020ರ ಫೆಬ್ರವರಿಯಲ್ಲಿ ಇಡೀ ದೇಶವೇ ಈ ಲೆಕ್ಕಕ್ಕೆ ಕೂತಿತ್ತು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದೇ ತಡ, ನಾವೆಲ್ಲ ಮೊಬೈಲ್ ತೆಗೆದು ಭಾಗಾಕಾರ ಮಾಡಿ, ಉಸೇನ್ ಬೋಲ್ಟ್‌ಗಿಂತ ಜೋರು ಅಂದುಬಿಟ್ಟೆವು. ಗೌಡರು ಮಾತ್ರ ಕೋಣಗಳಿಗೂ ಪಾಲು ಕೊಟ್ಟರು, ಟ್ರ್ಯಾಕ್ ಓಟವೇ ಬೇರೆ ಅಂದರು. ನಾವು ಮರೆತಿದ್ದ ಭಾಗಾಕಾರ ಅವರಿಗೆ ಗೊತ್ತಿತ್ತು.

ಪ್ರಾಣಿಯನ್ನೂ ಮನುಷ್ಯನನ್ನೂ ಬೇರ್ಪಡಿಸಿ ನೋಡಲು ಸಾಧ್ಯವೇ? ಐರ್ಲೆಂಡಿನಲ್ಲಿ ಒಮ್ಮೆ ಹೆಚ್ಚುಕಡಿಮೆ ಅಂಥದ್ದೇ ಪ್ರಯೋಗ ತಾನಾಗಿ ನಡೆಯಿತು. ಅಲ್ಲಿನದು ಬೇಲಿ ಹಾರುವ ಕುದುರೆ ಓಟ. ಅದರ ದೊಡ್ಡ ಮಾಲೀಕರಲ್ಲಿ ಒಬ್ಬರು ರೈನ್‌ಏರ್ ವಿಮಾನ ಕಂಪನಿಯ ಮೈಕಲ್ ಓ'ಲಿಯರಿ. 2016ರ ಸೆಪ್ಟೆಂಬರಿನಲ್ಲಿ ತರಬೇತಿ ಶುಲ್ಕದ ತಕರಾರಿಗೆ ಅವರ ಗಿಗಿನ್ಸ್‌ಟೌನ್ ಲಾಯದವರು ವಿಲ್ಲಿ ಮಲ್ಲಿನ್ಸ್ ಎಂಬ ತರಬೇತುದಾರರಿಂದ 60 ಕುದುರೆಗಳನ್ನು ಒಂದೇ ಸಲಕ್ಕೆ ವಾಪಸ್ ಪಡೆದರು. ಅವುಗಳಲ್ಲಿ ಹಲವು ಗಾರ್ಡನ್ ಎಲಿಯಟ್ ಕೈಗೆ ಹೋದವು. ಆ ಋತುವಿನ ಕೊನೆಯ ವಾರದವರೆಗೂ ಎಲಿಯಟ್ ಮುಂದಿದ್ದರು. ಪಂಚೆಸ್ಟೌನ್ ಉತ್ಸವದಲ್ಲಿ ಮಲ್ಲಿನ್ಸ್ ಹಿಂದಿಕ್ಕಿ ಚಾಂಪಿಯನ್ ಪಟ್ಟ ಉಳಿಸಿಕೊಂಡರು.

ಹಾಗಾದ್ರೆ ಸಾಹುಕಾರನ ಕುದುರೆ ಇಲ್ಲದೆಯೂ ಗೆಲ್ಲಬಹುದು ಅಂತ ಸಾಬೀತಾಯ್ತಾ? ಅಷ್ಟು ಸಲೀಸಲ್ಲ. ಮಲ್ಲಿನ್ಸ್ ಲಾಯದಲ್ಲಿ ಬೇರೆ ಶ್ರೀಮಂತರ ಕುದುರೆಗಳೂ ಇದ್ದವು. ಇತ್ತ ಎಲಿಯಟ್ ಕೂಡ ಬರೀ ದುಡ್ಡಿನ ನೆರಳಲ್ಲಿ ಬೆಳೆದವರಲ್ಲ. 2007ರಲ್ಲಿ ಅವರ ಸಿಲ್ವರ್ ಬರ್ಚ್ ಗ್ರ್ಯಾಂಡ್ ನ್ಯಾಷನಲ್ ಗೆದ್ದಾಗ, ಸ್ವಂತ ದೇಶದಲ್ಲಿ ಅವರ ಒಂದು ಕುದುರೆಯೂ ಇನ್ನೂ ಗೆದ್ದಿರಲಿಲ್ಲ. ಮುಂದೆ 2018 ಮತ್ತು 2019ರಲ್ಲಿ ಗಿಗಿನ್ಸ್‌ಟೌನ್‌ನ ಟೈಗರ್ ರೋಲ್ ಅದೇ ರೇಸನ್ನು ಅವರ ತರಬೇತಿಯಲ್ಲಿ ಎರಡು ಸಲ ಗೆದ್ದಿತು. ದುಡ್ಡು ಇಲ್ಲದಾಗಲೂ ಗೆದ್ದ, ಇದ್ದಾಗಲೂ ಗೆದ್ದ. ಇದಕ್ಕಿಂತ ಒಳ್ಳೆ ರೆಕಾರ್ಡ್ ಬೇಕಾ?

ಆಮೇಲೆ 2021ರಲ್ಲಿ ಒಂದು ಫೋಟೊ ಹೊರಬಂತು. ಸತ್ತ ಕುದುರೆಯ ಮೇಲೆ ಎಲಿಯಟ್ ಕೂತಿದ್ದಾರೆ, ಕಿವಿಯಲ್ಲಿ ಫೋನು. 2019ರಲ್ಲಿ ತೆಗೆದ ಚಿತ್ರ. ಕುದುರೆ ಗಿಗಿನ್ಸ್‌ಟೌನ್‌ನದೇ, ಹೆಸರು ಮಾರ್ಗನ್. ಎಲಿಯಟ್ ಕ್ಷಮೆ ಕೇಳಿದರು. ಒಂದು ವರ್ಷದ ನಿಷೇಧ ಬಿತ್ತು, ಅದರಲ್ಲಿ ಆರು ತಿಂಗಳು ಅಮಾನತಿನಲ್ಲಿತ್ತು. ಗಿಗಿನ್ಸ್‌ಟೌನ್ ಅವರ ಕೈಬಿಡಲಿಲ್ಲ. ಬೇರೊಂದು ದೊಡ್ಡ ಮಾಲೀಕ ಸಂಸ್ಥೆ ತನ್ನ ಕುದುರೆಗಳನ್ನು ಬಿಡಿಸಿಕೊಂಡು ಹೋಯಿತು.

ಆ ಫೋಟೊ ಒಬ್ಬ ಮನುಷ್ಯನ ಪೂರ್ತಿ ಜೀವನವೇನಲ್ಲ. ಅದರಿಂದ ಅವರ ಗೆಲುವುಗಳೂ ಸುಳ್ಳಾಗುವುದಿಲ್ಲ. ಆದರೆ ನಾವು ಇಷ್ಟು ಹೊತ್ತು ನೋಡುತ್ತಿದ್ದ ಪಟ್ಟಿಯಲ್ಲಿ ಒಂದು ಕಾಲಮ್ಮೇ ಇರಲಿಲ್ಲ ಅನ್ನೋದನ್ನು ಅದು ತೋರಿಸಿತು. ಮಾತು ಬಾರದ ಜೀವವೊಂದನ್ನು ಒಬ್ಬರ ಕೈಗೆ ಒಪ್ಪಿಸಿದಾಗ, ಯಾರೂ ನೋಡದ ಹೊತ್ತಿನಲ್ಲಿ ಅದರ ಜೊತೆ ಹೇಗಿದ್ದರು ಅನ್ನುವ ಕಾಲಮ್ಮು.

ಕಾಕಾನ ಕಥೆ ಮುಗಿಸ್ತೀನಿ. ನಾಲ್ಕನೇ ವರ್ಷ ಓಟದ ಹಿಂದಿನ ದಿನ ಎಡಗಡೆಯ ಎತ್ತು ಮುಂಗಾಲು ಊರುವಾಗ ಸ್ವಲ್ಪ ತಡೀತಿತ್ತು. ನೋಡಿದವರಿಗೆ ಗೊತ್ತಾಗುವಂಥದ್ದಲ್ಲ. ಕಾಕಾ ಗಾಡಿ ಹೂಡಲಿಲ್ಲ. "ನಾಳೆ ಓಡತೈತ್ರಿ, ಆದ್ರ ಆಮ್ಯಾಲೆ ಹೊಲದಾಗ ನಿಲ್ಲೂದಿಲ್ಲ" ಅಂದರು. ಸಾಹುಕಾರರು ಏನೂ ಅನ್ನಲಿಲ್ಲ. ಮರುವಾರ ಜೋಡಿ ಬೇರೆಯವರ ಕೊಟ್ಟಿಗೆಗೆ ಹೋಯಿತು. ಊರಿನ ನೆನಪಲ್ಲಿ ಕಾಕಾನ ರೆಕಾರ್ಡ್ ಮೂರು ಗೆಲುವು, ಒಂದು ಗೈರು. ಆ ಗೈರೇ ಅವರ ಅತಿ ಒಳ್ಳೆಯ ಕೆಲಸ ಅಂತ ನನಗೆ ಅರ್ಥವಾಗೋದಕ್ಕೆ ಇಪ್ಪತ್ತು ವರ್ಷ ಬೇಕಾಯ್ತು.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದೇ. ಹಿಂದೆ ಸರಿದವರೆಲ್ಲ ಧರ್ಮಾತ್ಮರಾ? ಅಂಜುಬುರುಕನೂ ಹಿಂದೆ ಸರಿಯುತ್ತಾನೆ, ಕೆಲಸ ಬಾರದವನೂ ಸರಿಯುತ್ತಾನೆ. ಹೌದು. ಅದಕ್ಕೇ "ಬೇಡ" ಅಂದಿದ್ದನ್ನು ಎಣಿಸಿದರೆ ಸಾಲದು. ಬೇಡ ಅಂದದ್ದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ನೋಡಬೇಕು. ಅಂಜುಬುರುಕ ತನ್ನನ್ನು ಉಳಿಸಿಕೊಳ್ಳಲು ಬೇಡ ಅಂತಾನೆ. ಕಾಕಾ ಎತ್ತನ್ನು ಉಳಿಸಲು ಅಂದರು, ತಮ್ಮ ಕೆಲಸ ಕಳಕೊಂಡರು. ಮಾಲೀಕ ಎಷ್ಟು ದೊಡ್ಡವನೋ ಆ ಮಾತು ಅಷ್ಟು ದುಬಾರಿ. ಒಂದೇ ದಿನ 60 ಕುದುರೆ ಹೊರಟುಹೋಗಬಹುದು ಅಂತ ಗೊತ್ತಿದ್ದವನಿಗೆ, ಕುಂಟುವ ಕುದುರೆಯ ಪರವಾಗಿ ಮಾತಾಡಲು ಎರಡು ಪಟ್ಟು ಗಟ್ಟಿತನ ಬೇಕು.

ಇದನ್ನೆಲ್ಲ ಈಗ ಬರೀತಿರೋದಕ್ಕೆ ಕಾರಣ ಇದೆ. ಹೋದ ವರ್ಷ ನನ್ನ ಟೀಮಿನ ಒಬ್ಬ ಹುಡುಗಿ ಟೆಸ್ಟಿಂಗ್ ಮುಗಿಯದ ರಿಲೀಸನ್ನು ತಡೆದು ನಿಲ್ಲಿಸಿದಳು. ಅವತ್ತು ಹೋಗಿದ್ರೆ ಸಾವಿರಾರು ಜನರ ಖಾತೆಯ ಲೆಕ್ಕ ಏರುಪೇರಾಗ್ತಿತ್ತು. ಕ್ಲೈಂಟ್ ದೊಡ್ಡವರು. ಸಿಟ್ಟಾಗಿ ಬೇರೆ ಟೀಮ್ ಕೇಳಿದರು. ಅಪ್ರೈಸಲ್ಲಿನಲ್ಲಿ ಅವಳ ಅಂಕಿಗಳು ಕೆಳಗಿದ್ದವು, ಅವಳ ಜಾಗಕ್ಕೆ ಬಂದವನವು ಮೇಲಿದ್ದವು. ನಾನು ಅಂಕಿ ನೋಡಿದೆ, ಅವಳಿಗೆ ಮೂರು ಕೊಟ್ಟೆ. ಅವಳೂ ಏನೂ ಅನ್ನಲಿಲ್ಲ.

ಕಟ್ಟೆ ಮೇಲೆ ಕೂತು ಮಾತಾಡಿದವರ ಮೇಲೆ ಇಷ್ಟು ವರ್ಷ ಸಿಟ್ಟಿಟ್ಟುಕೊಂಡಿದ್ದೆ. ಮೊನ್ನೆ ಈ ವರ್ಷದ ಫಾರ್ಮ್ ತೆರೆದಾಗ ಗೊತ್ತಾಯ್ತು, ನಾನೂ ಅದೇ ಕಟ್ಟೆ ಮೇಲೆ ಕೂತಿದ್ದೇನೆ. ಅವಳು ತಡೆದದ್ದಕ್ಕೆ ಅದರಲ್ಲಿ ಇವತ್ತಿಗೂ ಕಾಲಮ್ ಇಲ್ಲ. ಷರಾ ಜಾಗದಲ್ಲಿ ನಾನೇ ಬರೆಯಬೇಕು. ಅದಕ್ಕೂ ಮೊದಲು ಅವಳ ಹತ್ತಿರ ಹೋಗಿ ಹೋದ ವರ್ಷದ ತಪ್ಪನ್ನು ಒಪ್ಪಿಕೊಳ್ಳಬೇಕು.