ಪಾಪವನ್ನು ಇನ್ನೊಬ್ಬರು ಹೊರಬಹುದೆ?

ಪ್ರಶ್ನೆ: ನನಗೆ ಅರವತ್ತಾರು ವರ್ಷ, ಬ್ಯಾಂಕಿನಿಂದ ನಿವೃತ್ತ. ತಂದೆಯವರು ಹೋದಮೇಲೆ ಮನೆ ಮತ್ತು ಪಕ್ಕದ ಸೈಟಿಗೆ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ‘ಖಾತೆ ಬದಲಾವಣೆಗೆ ಬೇಕು’ ಅಂತಷ್ಟೇ ಹೇಳಿದ್ದೆ. ಅವಳು ಓದದೆ ಸಹಿ ಹಾಕಿದಳು. ವಿಷಯ ತಿಳಿದಮೇಲೆ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಎರಡು ವರ್ಷದಿಂದ ಗೌರಿ ಹಬ್ಬದ ಬಾಗಿನವೂ ವಾಪಸು ಬರುತ್ತಿದೆ. ರಾಮೇಶ್ವರ, ಗಯೆ ಆಯಿತು, ನವಗ್ರಹ ಹೋಮವೂ ಆಯಿತು, ಸಮಾಧಾನವಿಲ್ಲ. ನನ್ನ ಜೊತೆ ವಾಕಿಂಗ್ ಬರುವ ಕ್ರೈಸ್ತ ಸ್ನೇಹಿತರು ‘ನಿಮ್ಮ ಪಾಪವನ್ನು ಯೇಸು ಆಗಲೇ ಹೊತ್ತಿದ್ದಾನೆ, ನಂಬಿದರೆ ಸಾಕು’ ಅಂದರು. ಅವರಲ್ಲಿ ಅಷ್ಟು ಸುಲಭವೆ? ನಮ್ಮಲ್ಲಿ ಯಾಕೆ ಹಾಗಿಲ್ಲ? ಇದಕ್ಕೆ ಸಾಡೇಸಾತಿ ಕಾರಣವೆ? ನಾನು ಯಾವ ಪ್ರಾಯಶ್ಚಿತ್ತ ಮಾಡಲಿ? ಜಾತಕ ಲಗತ್ತಿಸಿದ್ದೇನೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ಜಾತಕದ ಮಾತನ್ನು ಮೊದಲು ಮುಗಿಸಿಬಿಡೋಣ. ನೋಡಿದೆ. ನಿಮಗೆ ಈಗ ಸಾಡೇಸಾತಿ ಇಲ್ಲ. ಇದ್ದಿದ್ದರೂ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದದ್ದು ಶನೈಶ್ಚರನಲ್ಲ. ಆ ಪಾಪದ ದೇವರ ಮೇಲೆ ನಾವು ಹೊರಿಸುವುದು ಸಾಲದೆ ಇದನ್ನೂ ಹೊರಿಸುವುದು ಬೇಡ.

ಇನ್ನು ನಿಮ್ಮ ಸ್ನೇಹಿತರ ಮಾತು. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಅವರ ಶಾಸ್ತ್ರದಲ್ಲಿ ಇರುವುದನ್ನೇ ಹೇಳಿದ್ದಾರೆ. ಆದರೆ ಅರ್ಧ ಹೇಳಿದ್ದಾರೆ, ಅಥವಾ ನೀವು ಅರ್ಧ ಕೇಳಿಸಿಕೊಂಡಿದ್ದೀರಿ. ಇನ್ನೊಬ್ಬರ ಮತದ ವಿಷಯ ಬರೆಯುವಾಗ ಅವರು ಒಪ್ಪುವ ಹಾಗೆ ಬರೆಯಬೇಕು. ಪೂರ್ವಪಕ್ಷವನ್ನು ಸರಿಯಾಗಿ ಹೇಳದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲ ಅನ್ನುವುದು ಪಾಠಶಾಲೆಯಲ್ಲಿ ಕಲಿತ ಪಾಠ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕನ್ನಡ ಬೈಬಲ್ಲಿನಲ್ಲೂ ‘ಪಾಪ’ ಎನ್ನುವ ಪದವನ್ನೇ ಬಳಸಿದ್ದಾರೆ. ಗೊಂದಲ ಶುರುವಾಗುವುದೇ ಇಲ್ಲಿ. ನಮಗೆ ಪಾಪ ಅಂದರೆ ಮಾಡಿದ ಕರ್ಮ, ಅದಕ್ಕೊಂದು ಫಲ. ಬಿತ್ತಿದ್ದು ಬೆಳೆಯುತ್ತದೆ, ಈ ಜನ್ಮದಲ್ಲೋ ಮುಂದಿನದರಲ್ಲೋ. ಅವರಲ್ಲಿ ಪಾಪ ಅಂದರೆ ಮೊದಲು ಸಂಬಂಧ ಕೆಡುವುದು, ಸೃಷ್ಟಿಸಿದ ದೇವರಿಗೆ ಬೆನ್ನು ತಿರುಗಿಸುವುದು. ಅವರ ಹೊಸ ಒಡಂಬಡಿಕೆ ಬರೆದಿರುವ ಗ್ರೀಕ್ ಭಾಷೆಯಲ್ಲಿ ಪಾಪಕ್ಕೆ ಇರುವ ಪದಕ್ಕೆ ‘ಗುರಿ ತಪ್ಪುವುದು’ ಎಂಬ ಮೂಲಾರ್ಥ ಹೇಳುತ್ತಾರೆ. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಆದಾಮ ಮತ್ತು ಹವ್ವ ಬೇಡವೆಂದ ಹಣ್ಣನ್ನು ತಿಂದು, ಆಮೇಲೆ ಮರಗಳ ನಡುವೆ ಬಚ್ಚಿಟ್ಟುಕೊಳ್ಳುವ ಕಥೆ ಬರುತ್ತದೆ. ಹಣ್ಣು ತಿಂದದ್ದಕ್ಕಿಂತ ಆ ಬಚ್ಚಿಟ್ಟುಕೊಳ್ಳುವುದನ್ನು ನೋಡಿ. ಪಾಪದ ಲಕ್ಷಣ ಪೂರ್ತಿ ಅಲ್ಲಿದೆ.

ಆ ಕೆಡುಕು ಮನುಷ್ಯಕುಲಕ್ಕೆಲ್ಲ ಅಂಟಿತು ಅನ್ನುವುದು ಅವರ ಸಿದ್ಧಾಂತ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆಧಾರದ ಮೇಲೆ ಇದನ್ನು ಗಟ್ಟಿಮಾಡಿದವನು ಉತ್ತರ ಆಫ್ರಿಕದ ಆಗಸ್ಟಿನ್, ನಾಲ್ಕು-ಐದನೆಯ ಶತಮಾನದವನು. ಹುಟ್ಟಿದ ಮಗುವಿನಲ್ಲೂ ಆ ಮೂಲಪಾಪ ಇದೆ ಎಂದ. ಪೂರ್ವದೇಶದ ಆರ್ಥೊಡಾಕ್ಸ್ ಸಭೆಯವರು ಇಷ್ಟು ದೂರ ಹೋಗುವುದಿಲ್ಲ. ಮರಣ ಮತ್ತು ದೌರ್ಬಲ್ಯ ನಮಗೆ ಬಂದಿದೆ, ಆದಾಮನ ಅಪರಾಧ ಬಂದಿಲ್ಲ ಅನ್ನುತ್ತಾರೆ. ಅದೇ ಕಥೆಯನ್ನು ಓದುವ ಯೆಹೂದ್ಯರು ಮೂಲಪಾಪವನ್ನು ಒಪ್ಪುವುದೇ ಇಲ್ಲ. ಒಂದೇ ಪ್ರಸ್ಥಾನತ್ರಯಕ್ಕೆ ಮೂರು ಭಾಷ್ಯ ನೋಡಿರುವ ನಮಗೆ ಇದೇನೂ ಹೊಸದಲ್ಲ.

ಹಾಗಾದರೆ ‘ಯೇಸು ಹೊತ್ತಿದ್ದಾನೆ’ ಅಂದರೆ ಏನು? ಇದಕ್ಕೆ ಹಿನ್ನೆಲೆ ಯೆಹೂದ್ಯರ ಪ್ರಾಯಶ್ಚಿತ್ತ ದಿನ. ವರ್ಷಕ್ಕೊಮ್ಮೆ ಎರಡು ಹೋತಗಳನ್ನು ತಂದು ಚೀಟು ಹಾಕುತ್ತಿದ್ದರು. ಒಂದನ್ನು ಬಲಿಕೊಟ್ಟು ಅದರ ರಕ್ತವನ್ನು ಗರ್ಭಗುಡಿಗೆ ಒಯ್ಯುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು ಜನರ ಪಾಪಗಳನ್ನು ಬಾಯಿಬಿಟ್ಟು ಹೇಳಿ, ಅದನ್ನು ಅಡವಿಗೆ ಅಟ್ಟಿಸುತ್ತಿದ್ದ. ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಈ ವಿಧಿ ಇದೆ. ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಲಿ ನಿಂತಿತು. ಇವತ್ತು ಯೆಹೂದ್ಯರು ಆ ದಿನ ಉಪವಾಸ, ಪ್ರಾರ್ಥನೆ, ಪಶ್ಚಾತ್ತಾಪಗಳಿಂದ ಆಚರಿಸುತ್ತಾರೆ. ಕ್ರೈಸ್ತರು ಮಾತ್ರ, ಶಿಲುಬೆಯ ಮೇಲೆ ಯೇಸು ಸತ್ತದ್ದೇ ಆ ಬಲಿಯ ಪೂರ್ಣಾಹುತಿ, ಇನ್ನು ಬೇರೆ ಬಲಿ ಬೇಕಿಲ್ಲ ಅನ್ನುತ್ತಾರೆ.

ಸರಿ, ಒಬ್ಬ ಸತ್ತರೆ ಇನ್ನೊಬ್ಬರ ಪಾಪ ಹೇಗೆ ಹೋಗುತ್ತದೆ? ಕೇಳಬೇಕಾದ ಪ್ರಶ್ನೆಯೇ. ಅವರಲ್ಲಿಯೂ ಶತಮಾನಗಳಿಂದ ಕೇಳಿಕೊಂಡಿದ್ದಾರೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಎನ್ನುವ ಧರ್ಮಗುರು ಕೊಟ್ಟ ಉತ್ತರ ಬ್ಯಾಂಕಿನವರಾದ ನಿಮಗೆ ಬೇಗ ಹಿಡಿಸುತ್ತದೆ. ದೇವರಿಗೆ ಸಲ್ಲಬೇಕಾದ ಗೌರವವನ್ನು ಮನುಷ್ಯ ಸಲ್ಲಿಸಲಿಲ್ಲ, ಅದು ಸಾಲ. ಸಾಲ ಮಾಡಿದವನು ಮನುಷ್ಯನಾದ್ದರಿಂದ ತೀರಿಸಬೇಕಾದವನೂ ಮನುಷ್ಯನೇ. ಆದರೆ ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ. ಆದ್ದರಿಂದ ದೇವರೂ ಮನುಷ್ಯನೂ ಎರಡೂ ಆದವನೊಬ್ಬ ಬರಬೇಕಾಯಿತು. ಸ್ವಲ್ಪ ಕಾಲದ ಮೇಲೆ ಫ್ರಾನ್ಸಿನ ಅಬೆಲಾರ್ಡ್ ಬೇರೆ ದಾರಿ ಹಿಡಿದ. ಅಷ್ಟು ಪ್ರೀತಿಯನ್ನು ಕಂಡ ಮನುಷ್ಯನ ಎದೆ ಕರಗಿ ತಿರುಗಿ ಪ್ರೀತಿಸುತ್ತದೆ, ಬಿಡುಗಡೆ ಆಗುವುದು ಹಾಗೆ ಎಂದ. ಪ್ರಾಟೆಸ್ಟೆಂಟರಲ್ಲಿ ಬಹಳ ಮಂದಿ, ನಮಗೆ ಬರಬೇಕಾದ ಶಿಕ್ಷೆಯನ್ನೇ ಯೇಸು ತೆಗೆದುಕೊಂಡ ಅನ್ನುತ್ತಾರೆ. ನಿಮ್ಮ ಸ್ನೇಹಿತರು ಹೇಳಿದ್ದು ಈ ಪಂಕ್ತಿಯದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಹೊತ್ತದ್ದು ಹೌದು ಅಂತ ಒಪ್ಪಿದ ಕ್ರೈಸ್ತ, ಕದ್ದ ವಸ್ತುವನ್ನು ಇಟ್ಟುಕೊಳ್ಳಬಹುದೆ? ಇಟ್ಟುಕೊಳ್ಳುವಂತಿಲ್ಲ. ಕ್ಯಾಥೋಲಿಕರಲ್ಲಿ ಪಾಪನಿವೇದನೆ ಇದೆ. ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳಬೇಕು, ಕೇಳಿದ್ದನ್ನು ಪಾದ್ರಿ ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಹೇಳುವವನಲ್ಲಿ ಮನಸ್ಸಿನ ಮರುಕ, ಮಾತಿನ ಒಪ್ಪಿಗೆ, ಆಮೇಲೆ ಸರಿಪಡಿಸುವ ಕೆಲಸ, ಈ ಮೂರೂ ಇರಬೇಕು. ಕದ್ದದ್ದನ್ನು ಕೊಡುವ ಶಕ್ತಿ ಇದ್ದೂ ಕೊಡದೆ ಇರುವವನ ಪಶ್ಚಾತ್ತಾಪ ನಾಟಕ ಎಂದು ಆ ಆಗಸ್ಟಿನ್ನನೇ ತನ್ನ ಒಂದು ಪತ್ರದಲ್ಲಿ ನಿಷ್ಠುರವಾಗಿ ಹೇಳಿದ್ದಾನೆ. ಪ್ರಾಟೆಸ್ಟೆಂಟರಲ್ಲಿ ಪಾದ್ರಿಯ ಮಧ್ಯಸ್ಥಿಕೆ ಬೇಕಿಲ್ಲ, ಆದರೆ ಅಲ್ಲೂ ಸುಲಭವಿಲ್ಲ. ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ ಜರ್ಮನಿಯ ಬೋನ್‌ಹಾಫರ್, ಬದಲಾಗದೆ ಕ್ಷಮೆ ಮಾತ್ರ ಬೇಕು ಅನ್ನುವುದಕ್ಕೆ ‘ಅಗ್ಗದ ಕೃಪೆ’ ಅಂತ ಹೆಸರಿಟ್ಟಿದ್ದ.

ಲೂಕನ ಸುವಾರ್ತೆಯಲ್ಲಿ ಜಕ್ಕಾಯನ ಕಥೆ ಇದೆ. ನಿಮ್ಮ ಸ್ನೇಹಿತರನ್ನೇ ಕೇಳಿ, ಹೇಳುತ್ತಾರೆ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಕುಳ್ಳ. ಜನಜಂಗುಳಿಯಲ್ಲಿ ಯೇಸುವನ್ನು ನೋಡಲಾಗದೆ ಮರ ಹತ್ತಿ ಕೂತ. ಯೇಸು ತಲೆಯೆತ್ತಿ ನೋಡಿ, ಇವತ್ತು ನಿನ್ನ ಮನೆಗೇ ಬರುತ್ತೇನೆ ಎಂದ. ಊರವರು, ಪಾಪಿಯ ಮನೆಗೆ ಹೋಗುತ್ತಾನಲ್ಲ ಅಂತ ಗೊಣಗಿದರು. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಾದರೂ ಮೋಸದಿಂದ ತೆಗೆದುಕೊಂಡಿದ್ದರೆ ಅದರ ನಾಲ್ಕರಷ್ಟು ಅವರಿಗೇ ಕೊಡುತ್ತೇನೆ ಎಂದ. ಆ ಮನೆಗೆ ಬಿಡುಗಡೆ ಬಂತು ಎಂದು ಯೇಸು ಹೇಳುವುದು ಈ ಮಾತು ಆದಮೇಲೆ. ಮೋಶೆಯ ಶಾಸ್ತ್ರದಲ್ಲಿ, ಅನ್ಯಾಯ ಮಾಡಿದವನು ತಪ್ಪೊಪ್ಪಿಕೊಂಡು ಅಸಲಿಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂಬ ಲೆಕ್ಕ ಇದೆ, ಅಂದರೆ ನೂರಕ್ಕೆ ಇಪ್ಪತ್ತು. ಜಕ್ಕಾಯ ಅದನ್ನೂ ಮೀರಿದ. ಇನ್ನು ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕು ಎಂಬ ಉಪದೇಶ ಮತ್ತಾಯನ ಸುವಾರ್ತೆಯಲ್ಲಿದೆ. ನಿಮ್ಮ ರಾಮೇಶ್ವರ, ಗಯೆಗಳನ್ನು ಇದರ ಪಕ್ಕ ಇಟ್ಟು ನೋಡಿ.

‘ನಮ್ಮಲ್ಲಿ ಯಾಕೆ ಹಾಗಿಲ್ಲ’ ಅಂತ ಕೇಳಿದ್ದೀರಿ. ಇಲ್ಲ ಅಂತ ಯಾರು ಹೇಳಿದರು? ಗೀತೆಯ ಹದಿನೆಂಟನೆಯ ಅಧ್ಯಾಯದ ಚರಮಶ್ಲೋಕ ಶರಣು ಬಂದವನಿಗೆ ಸರ್ವಪಾಪದ ಬಿಡುಗಡೆಯನ್ನೇ ಹೇಳುತ್ತದೆ. ಸಾಯುವಾಗ ಮಗನನ್ನು ನಾರಾಯಣ ಅಂತ ಕೂಗಿದ ಅಜಾಮಿಳನ ಕಥೆ ಎಲ್ಲರಿಗೂ ಗೊತ್ತು. ಅದೇ ಭಾಗವತದ ಅದೇ ಸ್ಕಂಧದಲ್ಲಿ ಪರೀಕ್ಷಿತ ಶುಕಮುನಿಯನ್ನು ಕೇಳುವುದು ಮಾತ್ರ ಬಹಳ ಜನಕ್ಕೆ ನೆನಪಿರುವುದಿಲ್ಲ: ಪ್ರಾಯಶ್ಚಿತ್ತ ಮಾಡಿ ಮತ್ತೆ ಅದೇ ಪಾಪ ಮಾಡುತ್ತಾರಲ್ಲ, ಇದು ಆನೆಯ ಸ್ನಾನದ ಹಾಗಲ್ಲವೆ? ನೀರಿನಿಂದ ಎದ್ದ ಆನೆ ದಡಕ್ಕೆ ಬಂದು ಮೈಗೆಲ್ಲ ಮಣ್ಣು ಎರಚಿಕೊಳ್ಳುತ್ತದೆ.

ಆದರೆ ದೇವರಿಗೆ ಮಾಡಿದ ಅಪರಾಧವೇ ಬೇರೆ, ಮನುಷ್ಯನಿಗೆ ಮಾಡಿದ್ದೇ ಬೇರೆ. ಇದಕ್ಕೆ ಒಂಬತ್ತನೆಯ ಸ್ಕಂಧದ ಅಂಬರೀಷೋಪಾಖ್ಯಾನ ಓದಿ. ದ್ವಾದಶಿಯ ದಿನ ಅತಿಥಿಯಾಗಿ ಬಂದ ದುರ್ವಾಸರು ನಿಷ್ಕಾರಣವಾಗಿ ಸಿಟ್ಟಾಗಿ ರಾಜನ ಮೇಲೆ ಕೃತ್ಯೆಯನ್ನು ಬಿಟ್ಟರು. ಸುದರ್ಶನ ಚಕ್ರ ಅದನ್ನು ಸುಟ್ಟು ಅವರನ್ನೇ ಅಟ್ಟಿಸಿಕೊಂಡು ಬಂತು. ಬ್ರಹ್ಮನ ಹತ್ತಿರ ಓಡಿದರು, ಆಗಲಿಲ್ಲ. ಶಿವನ ಹತ್ತಿರ ಓಡಿದರು, ಆಗಲಿಲ್ಲ. ಕೊನೆಗೆ ವೈಕುಂಠದಲ್ಲಿ ಕಾಲಿಗೆ ಬಿದ್ದರೆ ಸಾಕ್ಷಾತ್ ವಿಷ್ಣುವೇ, ನನ್ನ ಕೈಲಿಲ್ಲ, ಯಾರಿಗೆ ಮಾಡಿದೆಯೋ ಅವನ ಹತ್ತಿರ ಹೋಗು ಎಂದು ಕಳಿಸಿಬಿಟ್ಟ. ಚಕ್ರ ಯಾರದು? ವಿಷ್ಣುವಿನದೇ! ಹಿಂದಕ್ಕೆ ಕರೆಯಬಹುದಿತ್ತು, ಕರೆಯಲಿಲ್ಲ. ದುರ್ವಾಸರು ತಿರುಗಿ ಬಂದಾಗ ಒಂದು ಸಂವತ್ಸರ ಕಳೆದಿತ್ತು. ಅಷ್ಟೂ ದಿನ ಅತಿಥಿ ಉಂಡಿಲ್ಲವೆಂದು ಅಂಬರೀಷ ಬರೀ ನೀರು ಕುಡಿದುಕೊಂಡು ಕಾಯುತ್ತಿದ್ದ. ಮುನಿ ಕಾಲು ಹಿಡಿದರೆ ರಾಜನೇ ನಾಚಿಕೊಂಡ. ಚಕ್ರವನ್ನು ಪ್ರಾರ್ಥಿಸಿ ಶಾಂತಗೊಳಿಸಿದ, ಅವರಿಗೆ ಬಡಿಸಿ ಆಮೇಲೆ ತಾನು ಉಂಡ. ಯೆಹೂದ್ಯರ ಮಿಶ್ನಾ ಗ್ರಂಥದಲ್ಲೂ ಇದೇ ಕಟ್ಟಳೆ ಇದೆ: ಮನುಷ್ಯರ ನಡುವಿನ ಅಪರಾಧಕ್ಕೆ, ನೊಂದವರನ್ನು ಒಲಿಸಿಕೊಳ್ಳುವ ತನಕ ಪ್ರಾಯಶ್ಚಿತ್ತ ದಿನವೂ ಕೆಲಸ ಮಾಡುವುದಿಲ್ಲ.

ಒಂದು ವ್ಯತ್ಯಾಸ ಉಂಟು, ಮುಚ್ಚಿಡುವುದಿಲ್ಲ. ಜಕ್ಕಾಯ ಬಾಯಿಬಿಡುವ ಮೊದಲೇ ಯೇಸು ಅವನ ಮನೆಗೆ ಬರುತ್ತೇನೆ ಎಂದ. ಕೃಪೆ ಮೊದಲು, ಕೊಡುವುದು ಅದರ ಫಲ, ಕೊಟ್ಟು ಕೃಪೆ ಕೊಳ್ಳಲಾಗದು ಎನ್ನುವುದು ಅವರ ಕ್ರಮ. ನಮ್ಮ ಧರ್ಮಶಾಸ್ತ್ರದಲ್ಲಿ ವಸ್ತು ಮೊದಲು ವಾಪಸಾಗಬೇಕು, ಆಮೇಲೆ ಶುದ್ಧಿ. ಅಲ್ಪಬೆಲೆಯ ಕಳವಿಗೂ ಮನು ಹೇಳುವುದು ಹೀಗೆಯೇ, ಹಿಂದಿರುಗಿಸಿ ಆಮೇಲೆ ಸಾಂತಪನ ಕೃಚ್ಛ್ರ. ಯಾವ ಕ್ರಮ ಹಿಡಿದರೂ ನೀವು ತಂಗಿಯ ಬಾಗಿಲಿಗೆ ಹೋಗುವುದು ತಪ್ಪುವುದಿಲ್ಲ.

ನಿಮ್ಮದು ಅಲ್ಪಬೆಲೆಯದಲ್ಲ. ಭೂಮಿಯ ಅಪಹಾರ, ನಂಬಿ ಕೊಟ್ಟದ್ದರ ಅಪಹಾರ ಎರಡನ್ನೂ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಚಿನ್ನದ ಕಳವಿಗೆ ಸಮ ಎಂದು ಹೇಳಿದೆ. ಹೊಲಮನೆ ಅಪಹರಿಸಿದವನಿಗೆ ಅಲ್ಲಿ ಹೇಳಿದ ಪ್ರಾಯಶ್ಚಿತ್ತ ಚಾಂದ್ರಾಯಣ. ಕೃಷ್ಣಪಕ್ಷದಲ್ಲಿ ದಿನಕ್ಕೊಂದು ತುತ್ತು ಇಳಿಸುತ್ತಾ, ಅಮಾವಾಸ್ಯೆಗೆ ಉಪವಾಸ, ಶುಕ್ಲಪಕ್ಷದಲ್ಲಿ ಒಂದೊಂದೇ ಏರಿಸುತ್ತಾ ಹುಣ್ಣಿಮೆಗೆ ಹದಿನೈದು ತುತ್ತು. ಒಂದು ತಿಂಗಳು, ದಿನಕ್ಕೆ ಮೂರು ಸ್ನಾನ.

ಇದಕ್ಕೆ ಬದಲಾಗಿ ಇಷ್ಟು ದಕ್ಷಿಣೆ ಕೊಟ್ಟರೆ ಆಯಿತು ಅಂತ ಯಾರಾದರೂ ಹೇಳಿದರೆ ಹುಷಾರಾಗಿರಿ. ಪ್ರತ್ಯಾಮ್ನಾಯ ಅಂತ ಅದಕ್ಕೊಂದು ಹೆಸರಿದೆ. ಅಶಕ್ತರಿಗೆ ವ್ರತದ ಬದಲು ಗೋದಾನ ಅಂತ ನಿಬಂಧಕಾರರು ಮಾಡಿದ ದಯೆ ಅದು. ಈಗ ಗೋವು ಹೋಗಿ ಕವರು ಬಂದಿದೆ. ರೋಮಿನಲ್ಲಿ ಸಂತ ಪೀಟರ್ ದೇವಾಲಯ ಕಟ್ಟುವುದಕ್ಕೆ ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ಹಣಕ್ಕೆ ಕೊಡುತ್ತಿದ್ದರು. ಅದನ್ನು ಕಂಡೇ ಮಾರ್ಟಿನ್ ಲೂಥರ್ 1517ರಲ್ಲಿ ತೊಂಬತ್ತೈದು ಆಕ್ಷೇಪಗಳನ್ನು ಬರೆದ, ಕ್ರೈಸ್ತಸಭೆಯೇ ಎರಡಾಯಿತು. ನಮ್ಮವರಿಗೆ ಅಷ್ಟು ಸಿಟ್ಟು ಬರುವುದಿಲ್ಲ, ಅದು ನಮ್ಮ ಪುಣ್ಯವೋ ಪಾಪವೋ.

ನೀವು ಮಾಡಬೇಕಾದದ್ದು ಇಷ್ಟು. ಒಬ್ಬ ವಕೀಲರನ್ನು ಕಂಡು ತಂಗಿಯ ಪಾಲು ಅವರ ಹೆಸರಿಗೆ ಹೋಗುವ ಪತ್ರ ಬರೆಸಿ. ತಂದೆಯ ಸ್ವಂತ ಆಸ್ತಿಯಾದರೆ 1956ರ ಕಾಯಿದೆಯಿಂದಲೇ ಮಗಳಿಗೆ ಸಮಪಾಲು, ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಇದೆ. ಸೈಟನ್ನು ಬಾಡಿಗೆಗೆ ಕೊಟ್ಟಿದ್ದರೆ ಬಂದ ಹಣದಲ್ಲೂ ಅವರ ಪಾಲು ಲೆಕ್ಕ ಹಾಕಿ. ನೋಂದಣಿಗೆ ಮುಹೂರ್ತ ಕೇಳಿ ನನಗೆ ಬರೆಯಬೇಡಿ. ಇನ್ನೊಬ್ಬರದ್ದನ್ನು ಕೊಡುವುದಕ್ಕೆ ರಾಹುಕಾಲ ಅಡ್ಡಿಯಲ್ಲ. ಹೆಂಡತಿ ಮಕ್ಕಳಿಗೂ ಮೊದಲೇ ಹೇಳಿ, ಆ ಮಾತು ನಿಮಗೆ ಚಾಂದ್ರಾಯಣಕ್ಕಿಂತ ಕಷ್ಟವಾಗಬಹುದು. ವ್ರತ ಆಮೇಲೆ. ರೋಗಿಗಳಿಗೆ ಶಾಸ್ತ್ರದಲ್ಲೇ ಅರ್ಧ ವಿಧಿಸಿದೆ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಉಪವಾಸ ಬೇಡ, ಗಾಯತ್ರಿ ಜಪ ಹೆಚ್ಚಿಸಿಕೊಳ್ಳಿ.

ತಂಗಿ ಕ್ಷಮಿಸದೆಯೂ ಇರಬಹುದು. ಕ್ಷಮಿಸಬೇಕು ಅನ್ನುವ ಷರತ್ತನ್ನು ಪತ್ರದಲ್ಲೂ ಮಾತಿನಲ್ಲೂ ಇಡಬೇಡಿ. ಗೌರಿ ತದಿಗೆಗೆ ಬಾಗಿನವನ್ನು ಕೊರಿಯರಿನಲ್ಲಿ ಕಳಿಸದೆ ನೀವೇ ತೆಗೆದುಕೊಂಡು ಹೋಗಿ. ಆದರೆ ಆಸ್ತಿಯ ಕಾಗದವನ್ನು ಮೊರದ ಬಾಗಿನದ ಜೊತೆ ಇಟ್ಟು ಕೊಡಬೇಡಿ. ಬಾಗಿನ ತವರಿನವರು ಕೊಡುವ ಉಡುಗೊರೆ, ಕಾಗದ ಅವರದ್ದೇ ವಸ್ತು. ಅದನ್ನು ಹಬ್ಬಕ್ಕೆ ಮುಂಚೆಯೇ, ಬೇರೆ ದಿನ, ಬರಿಗೈಯಲ್ಲಿ ಹೋಗಿ ಕೊಟ್ಟು ಬನ್ನಿ.